ಹಬ್ಬಕ್ಕೊಂದು ಬಾಟಲಿ

ಹನ್ನೆರಡು ವರ್ಷದ ಹಿಂದೆ, ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡು ಹಲಗೆಯ ಮೇಲೆ ಮಲಗಿದ್ದ ತಾಯಿಗೆ ಕತಾಲ್ ಒಂದು ಮಾತು ಕೊಟ್ಟಿದ್ದಳು. ಆಗ ಅವಳ ಮಡಿಲಲ್ಲಿ ಮಗಳು ವೆರೂಚ್ ಒಂದು ತಿಂಗಳ ಹಸುಗೂಸು.

"ಈ ಕರೀ ನೀರು, ಈ ಕೋಲಾ, ನನ್ ಕಾಲು ತಿಂತು, ಕಣ್ಣು ತಿಂತು. ಈ ಕೂಸಿನ ಬಾಯಿಗೆ ಇದು ಬೀಳಬಾರ್ದು. ಮಾತು ಕೊಡು."

"ಕೊಟ್ಟೆ ಕಣವ್ವ," ಎಂದು ಕತಾಲ್ ತಾಯಿಯ ಕೈಮೇಲೆ ಕೈಯಿಟ್ಟಿದ್ದಳು. ವಾರ ಕಳೆಯುವುದರೊಳಗೆ ತಾಯಿ ತೀರಿಕೊಂಡಳು. ಮಣ್ಣಿಗೆ ಬಂದವರಿಗೆಲ್ಲ ಪದ್ಧತಿಯಂತೆ ಕೋಲಾ ಹಂಚಿದ್ದಾಯಿತು.

ಚಿಯಾಪಾಸ್ ಎಂಬ ಬೆಟ್ಟನಾಡಿನ ಆ ಕೇರಿಯಲ್ಲಿ ಕೋಲಾ ಇಲ್ಲದೆ ಹೆಣ್ಣು ಕೇಳುವಂತಿಲ್ಲ, ಜಗಳ ಬಗೆಹರಿಯುವಂತಿಲ್ಲ, ದೇವರ ಮುಂದೆ ಕೂರುವಂತಿಲ್ಲ. ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು ಬಂದರೆ ಪುಣ್ಯ. ಕೋಲಾ ಲಾರಿ ಮಾತ್ರ ವಾರಕ್ಕೆ ಮೂರು ಸಲ ತಪ್ಪದೆ ಬರುತ್ತಿತ್ತು. ಗಂಡ ಕಟ್ಟಡದ ಕೆಲಸ ಹುಡುಕಿಕೊಂಡು ಕರಾವಳಿಗೆ ಹೋದ ಮೇಲೆ ಹೊಲ, ಕುರಿ, ಮಗ್ಗ ಎಲ್ಲ ಕತಾಲ್ ತಲೆಗೇ ಬಿತ್ತು. ಬದುವಿನ ಮೇಲೆ ಕೂಸು ಅಳುತ್ತಿತ್ತು. ಮೊದಲು ಒಂದು ಮುಚ್ಚಳ ಕೋಲಾ ಕುಡಿಸಿದಳು, ಸುಮ್ಮನಾಯಿತು. ಆಮೇಲೆ ಹಾಲಿನ ಸೀಸೆಗೇ ಸುರಿದಳು. ಶಾಲೆಗೆ ಹೋಗುವ ವಯಸ್ಸಿಗೆ, ಬೆಳಿಗ್ಗೆ ಒಂದು ಬಾಟಲಿ ಇಳಿಯದಿದ್ದರೆ ವೆರೂಚ್‌ಗೆ ತಲೆ ಸಿಡಿಯುತ್ತಿತ್ತು; ಇಳಿದರೆ ನೋವು ಮಾಯ. ತಲೆನೋವಿಗೆ ಇದಕ್ಕಿಂತ ಒಳ್ಳೇ ಮದ್ದಿಲ್ಲ ಎಂದು ಕತಾಲ್ ನೆರೆಯವರಿಗೂ ಹೇಳಿದ್ದುಂಟು. ರಾತ್ರಿ ಹುಡುಗಿ ನಿದ್ದೆ ಹತ್ತದೆ ಹೊರಳಾಡುವಾಗ ಮಾತ್ರ ಕತಾಲ್ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಈ ವರ್ಷ ವೆರೂಚ್‌ಳ ಕತ್ತಿನ ಸುತ್ತ ಚರ್ಮ ಕಪ್ಪಗೆ ದಪ್ಪಗಾಯಿತು, ಎಷ್ಟು ಕುಡಿದರೂ ಬಾಯಾರಿಕೆ ಹೋಗದಾಯಿತು. ಕೇರಿಯ ದವಾಖಾನೆಯ ನರ್ಸ್ ಅಬೆಲಿನಾ ಬೆರಳು ಚುಚ್ಚಿ ನೋಡಿ ಗಾಬರಿಯಾದಳು.

"ಸಕ್ಕರೆ ಕಾಯಿಲೆ, ಕತಾಲಕ್ಕ. ಕೋಲಾ ಎಷ್ಟು ಕುಡೀತಾಳೆ?"

ಬಾಗಿಲಲ್ಲಿ ಮೂವರು ಹೆಂಗಸರು ಸರದಿ ಕಾಯುತ್ತಿದ್ದರು. ಮೂವರೂ ಕತಾಲ್‌ಳ ತಾಯಿಯ ಕಾಲು ಹೋದದ್ದನ್ನು ಕಂಡವರು.

"ಹಬ್ಬಕ್ಕೊಂದು ಬಾಟಲಿ," ಎಂದಳು ಕತಾಲ್.

ವೆರೂಚ್ ಅವ್ವನ ಮುಖ ನೋಡಿದಳು. ಅಬೆಲಿನಾ ಹಾಗೆಯೇ ಬರೆದುಕೊಂಡಳು. "ಅಷ್ಟಕ್ಕೇ ಇಷ್ಟು ಏರಿದೆ ಅಂದ್ರೆ ಬೇರೇನೋ ಇರ್ಬೇಕು. ಹೋಗ್ಲಿ, ಇನ್ಮೇಲೆ ಹಬ್ಬಕ್ಕೂ ಬೇಡ," ಎಂದು ಮಾತ್ರೆ ಕೊಟ್ಟಳು.

ಮಾತ್ರೆಯನ್ನು ಕತಾಲ್ ಶಾಲಿನ ಗಂಟಿನಲ್ಲಿ ಬಚ್ಚಿಟ್ಟಳು. ಕೇರಿಗೆ ಹೇಳುವುದೇನು? ಹುಡುಗಿ ಹಳ್ಳದ ಹತ್ತಿರ ಹೆದರಿಕೊಂಡಿದ್ದಾಳೆ, ಜೀವ ಅಲ್ಲೇ ಉಳಿದಿದೆ ಎಂದಳು. ಹೆದರಿಕೆಗೆ ಮದ್ದು ಕೇರಿಯ ನಾಟಿವೈದ್ಯೆ ಪಾಶ್ಕು ಅಜ್ಜಿಯ ಹತ್ತಿರ. ಅಜ್ಜಿ ನಾಡಿ ಹಿಡಿದು, ಗುಡಿಯ ನೆಲಕ್ಕೆ ಪೈನ್ ಎಲೆ ಹಾಸಿ, ಮೇಣದ ಬತ್ತಿ ಸಾಲಾಗಿ ಹಚ್ಚಿ, ಮೂರು ಬಾಟಲಿ ಕೋಲಾ ಇಟ್ಟಳು. ಕುಡಿದು ತೇಗಬೇಕು; ತೇಗಿನ ಜೊತೆ ಒಳಗಿನ ಕೇಡು ಹೊರಬೀಳುತ್ತದೆ.

"ಮೈಯಲ್ಲಿ ಬೇರೆ ಕಾಯಿಲೆ ಏನಾದ್ರೂ ಉಂಟೇನೇ?" ಎಂದು ಅಜ್ಜಿ ಎಲ್ಲರನ್ನೂ ಕೇಳುವಂತೆ ಕತಾಲ್‌ಳನ್ನೂ ಕೇಳಿದಳು.

"ಇಲ್ಲ ಅಜ್ಜಿ. ಬರೀ ಹೆದರಿಕೆ."

ಎರಡು ಬಾಟಲಿ ಮುಗಿಯಿತು. ವೆರೂಚ್ ಅವ್ವನ ಕಿವಿಯ ಹತ್ತಿರ ಬಂದು, "ಅವ್ವ, ನರ್ಸಮ್ಮ ಬೇಡ ಅಂದಿದ್ರಲ್ಲ. ಹೊಟ್ಟೆ ತೊಳಸ್ತಿದೆ," ಎಂದಳು.

"ಸುಮ್ನೆ ಕುಡಿ. ಜನ ನೋಡ್ತಾರೆ."

ಹುಡುಗಿ ಕುಡಿದಳು. ತೇಗು ಬರಲಿಲ್ಲ, ವಾಂತಿ ಬಂತು. ಮನೆಗೆ ಹೊತ್ತು ತಂದರೂ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಕೂಗಿದರೆ ಕಣ್ಣು ಬಿಡಲಿಲ್ಲ. ಕೋಸು ತುಂಬಿದ ವ್ಯಾನಿನ ಹಿಂದೆ ಮಲಗಿಸಿಕೊಂಡು ಪಟ್ಟಣದ ದೊಡ್ಡಾಸ್ಪತ್ರೆಗೆ ಒಯ್ದರು.

ಜೀವ ಉಳಿಯಿತು. ಮೂರನೆಯ ದಿನ ವೆರೂಚ್ ಮಾತಾಡಿದಳು, ಆದರೆ ತಲೆನೋವೆಂದು ಗೋಡೆಗೆ ಹಣೆ ಒತ್ತಿಕೊಂಡು ನರಳುತ್ತಿದ್ದಳು. ಡಾಕ್ಟರರ ಕೈಯಲ್ಲಿ ಕೇರಿಯ ದವಾಖಾನೆಯ ಚೀಟಿ ಇತ್ತು. ಹಬ್ಬಕ್ಕೊಂದು ಬಾಟಲಿ ಕುಡಿಯುವ ಮಗುವಿಗೆ ಇಷ್ಟೊಂದು ಸಕ್ಕರೆ ಎಲ್ಲಿಂದ, ಈ ತಲೆನೋವು ಯಾತಕ್ಕೆ ಎಂದು ದಿನಾ ರಕ್ತ ಎಳೆದರು. ಮೊಣಕೈ ಮಡಚುವಲ್ಲಿ ಚರ್ಮ ನೀಲಿಗಟ್ಟಿತು. ನಾಳೆ ಬೆನ್ನುಮೂಳೆಯಿಂದ ನೀರು ತೆಗೆದು ನೋಡುತ್ತಾರಂತೆ. ಕತಾಲ್ ಹೊರಗಿನ ಬೆಂಚಿನ ಮೇಲೆ ಕೂತು, ಬೆಟ್ಟದ ಕಡೆಯ ಹೆಂಗಸೊಬ್ಬಳು ಹರಕುಮುರುಕಾಗಿ ತಿಳಿಸಿದ್ದನ್ನೆಲ್ಲ ಕೇಳಿಸಿಕೊಂಡಳು. ಬಾಯಿ ಬಿಡಲಿಲ್ಲ.

ಆ ಮಧ್ಯಾಹ್ನ ಬಟ್ಟೆ ತರಲು ಕೇರಿಗೆ ಹೋದಾಗ, ಗುಡಿಯಲ್ಲಿ ಆದದ್ದಕ್ಕೆ ಜನ ಪಾಶ್ಕು ಅಜ್ಜಿಯನ್ನು ಆಡಿಕೊಳ್ಳುತ್ತಿರುವುದು ಕಿವಿಗೆ ಬಿತ್ತು. ತಪ್ಪು ಮಾಡಿದವರು ಹಿರಿಯರ ಮುಂದೆ ಮಂಡಿಯೂರಬೇಕು, ಬರಿಗೈಯಲ್ಲಿ ಹೋಗುವಂತಿಲ್ಲ. ಅಂಗಡಿಯಿಂದ ಒಂದು ಕ್ರೇಟ್ ಕೋಲಾ ತೆಗೆದುಕೊಂಡು, ಹಣೆಗೆ ಪಟ್ಟಿ ಕಟ್ಟಿ ಬೆನ್ನಿಗೆ ಹೊತ್ತು ಗುಡ್ಡ ಹತ್ತಿದಳು.

ಅಜ್ಜಿ ಹೊಸ್ತಿಲಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದಳು. ಕ್ರೇಟಿನ ಕಡೆ ನೋಡಿದಳು, ಕತಾಲ್ ಕಡೆ ನೋಡಿದಳು.

"ಇದನ್ನೇ ಹೊತ್ಕೊಂಡು ಬಂದ್ಯಾ? ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ!"

ಕತಾಲ್‌ಗೆ ಆಗಲೇ ಅರಿವಾದದ್ದು, ಬೆನ್ನ ಮೇಲಿರುವುದು ಏನೆಂದು. ಮಂಡಿಯೂರಿದವಳಿಗೆ ತಲೆ ಎತ್ತಲಾಗಲಿಲ್ಲ.

"ಮಗಳಿಗೆ ಸಕ್ಕರೆ ಕಾಯಿಲೆ, ಅಜ್ಜಿ. ನಂಗೆ ಗೊತ್ತಿತ್ತು."

"ಗೊತ್ತಿತ್ತು!" ಅಜ್ಜಿ ತೆನೆ ಕೆಳಗಿಟ್ಟಳು. "ಅದಕ್ಕೇ ಅಲ್ವೇನೇ ಕೇಳೋದು? ಸಕ್ಕರೆ ಇದ್ದೋರಿಗೆ ನಾನು ಬರೀ ನೀರಿಡ್ತೀನಿ. ದೇವರಿಗೆ ನೀರಾದ್ರೂ ನಡೆಯುತ್ತೆ. ನಿನ್ನ ಓರಗಿತ್ತಿಗೂ ನೀರೇ ಇಟ್ಟಿದ್ದೆ, ಹೋಗಿ ಕೇಳು. ಊರಲ್ಲಿ ಅರ್ಧ ಜನಕ್ಕಿದೆ, ನಂಗೂ ಇದೆ. ಏನು ಮುಚ್ಚಿಡೋಂಥ ಗುಟ್ಟೇ ಇದು?"

"ಕೂಸಿಗೆ ಕೋಲಾ ಕೊಡಲ್ಲ ಅಂತ ಅವ್ವನಿಗೆ ಮಾತು ಕೊಟ್ಟಿದ್ದೆ. ಎಲ್ರಿಗೂ ಗೊತ್ತಾಗುತ್ತೆ ಅಂತ... ನಾಚಿಕೆ ಆಯ್ತು. ನರ್ಸಮ್ಮಂಗೂ ಸುಳ್ಳೇ ಹೇಳ್ದೆ, ಈಗ ಆಸ್ಪತ್ರೇಲಿ ಕಾರಣ ಹುಡುಕ್ತಾ ದಿನಾ ಸೂಜಿ ಚುಚ್ತಿದ್ದಾರೆ."

"ನಾಚಿಕೆ ನಿಂದು, ಸೂಜಿ ಅವಳಿಗೆ." ಅಜ್ಜಿ ಬಾಗಿದ ತಲೆಯನ್ನು ಮುಟ್ಟಲಿಲ್ಲ. ಮುಟ್ಟಿದರೆ ಕ್ಷಮಿಸಿದಂತೆ. "ಎತ್ಕೊಂಡು ಹೋಗು ಅದನ್ನ. ಆಸ್ಪತ್ರೇಲಿ ಹೇಳಿ ಬಾ, ಆಮೇಲೆ ನೋಡೋಣ."

ಮರುದಿನ ವಾರ್ಡಿನಲ್ಲಿ ಡಾಕ್ಟರರ ಸ್ಪ್ಯಾನಿಷ್ ಮಾತನ್ನು ಕತಾಲ್‌ಗೆ ಸರಿಯಾಗಿ ತಿಳಿಸಲು ಅಬೆಲಿನಾ ಬಂದಿದ್ದಳು. ಅಕ್ಕಪಕ್ಕದ ಹಾಸಿಗೆಗಳ ಸುತ್ತ ಕತಾಲ್ ಕಡೆಯ ಬೆಟ್ಟದ ಹೆಂಗಸರೇ. ವೆರೂಚ್‌ಳನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸುತ್ತಿದ್ದರು. ತಟ್ಟೆಯಲ್ಲಿ ಉದ್ದನೆಯ ಸೂಜಿಯಿತ್ತು.

"ತಾಳಿ," ಎಂದಳು ಕತಾಲ್. ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು. "ಅಬೆಲಿನಾ, ನಾನು ಸುಳ್ಳು ಹೇಳಿದ್ದೆ. ಹಬ್ಬಕ್ಕೊಂದಲ್ಲ. ದಿನಕ್ಕೆ ಮೂರು, ಕೆಲವು ದಿನ ನಾಲ್ಕು. ಬೆಳಿಗ್ಗೆ ಕುಡೀದಿದ್ರೆ ತಲೆ ಹೀಗೇ ಸಿಡಿಯುತ್ತೆ ಅವಳಿಗೆ, ಚಿಕ್ಕೋಳಿದ್ದಾಗಿಂದ್ಲೂ."

ಅಬೆಲಿನಾ ಡಾಕ್ಟರಿಗೆ ತಿಳಿಸಿದಳು. ಡಾಕ್ಟರ್ ಇನ್ನೇನೇನೋ ಕೇಳಿ, ಹುಡುಗಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕೊನೆಗೆ ಸೂಜಿಯ ತಟ್ಟೆಯನ್ನು ದೂರ ಸರಿಸಿದರು. ನೋವು ಅಭ್ಯಾಸ ತಪ್ಪಿದ್ದಕ್ಕೆ ಇರಬಹುದು, ಎರಡು ದಿನ ಕಾದು ನೋಡೋಣ ಎಂದರು. ಪಕ್ಕದ ಹಾಸಿಗೆಯ ಹೆಂಗಸು ತನ್ನ ಮಗುವಿನ ತಲೆದಿಂಬಿನ ಪಕ್ಕದ ಬಾಟಲಿಯನ್ನು ಚೀಲದೊಳಗೆ ತುರುಕಿದಳು.

"ಎಷ್ಟು ತಿಂಗಳಿದ್ದಾಗ ಶುರು ಮಾಡಿದ್ದು, ಅಕ್ಕ?" ಅಬೆಲಿನಾ ಹಳೆಯ ಸಾಲನ್ನು ಹೊಡೆದುಹಾಕಿ ಪೆನ್ನು ಹಿಡಿದಿದ್ದಳು.

ವೆರೂಚ್ ಮಗ್ಗುಲು ತಿರುಗಿ ಅವ್ವನನ್ನೇ ನೋಡುತ್ತಿದ್ದಳು. ಕತಾಲ್ ಅವಳ ಮುಖ ನೋಡಿಕೊಂಡೇ ಹೇಳಿದಳು.

"ಆರು ತಿಂಗಳು."

ತಾಯಿಗೆ ಮಾತು ಕೊಟ್ಟ ಐದೇ ತಿಂಗಳಿಗೆ ಅವಳು ಅದನ್ನು ಮುರಿದಿದ್ದಳು.