ಬಿಸಿಲಿಗೆ ಹಿಡಿದ ಸೀರೆ

ನಾಲ್ವರು ಬಗ್ಗಿ ಚಟ್ಟದ ಬಿದಿರಿಗೆ ಕೈ ಹಾಕಿದ್ದರು. ಊರ ಹಿರಿಯನೊಬ್ಬ ತನ್ನ ಕೋಲನ್ನು ಅಡ್ಡ ಹಿಡಿದ.

"ತಡೀರ್ಲಾ. ತವರಿನ ಸೀರೆ ಬೀಳ್ದೆ ಎಂಗ್ಲಾ ಎತ್ತೀರಿ?"

ನಾಲ್ವರೂ ಕೈಬಿಟ್ಟು ನೆಟ್ಟಗಾದರು. ವೈದ್ಯನಾಥಪುರದ ಆ ಅಂಗಳದಲ್ಲಿ ನೆರಳು ಆಗಲೇ ಗೋಡೆಯ ಬುಡಕ್ಕೆ ಸರಿದಿತ್ತು. ಚಟ್ಟದ ಮೇಲೆ ಮಲಗಿದ್ದ ಇಂದ್ರಮ್ಮನ ಮುಖಕ್ಕೆ ಅರಿಸಿನ ಬಳಿದಿದ್ದರು. ತಲೆಯ ಬಳಿ ಗಂಡ ಹೊನ್ನಯ್ಯ ಕುಳಿತಿದ್ದ. ಮುತ್ತೈದೆ ಸತ್ತರೆ ತವರಿನವರು ಸೀರೆ ತಂದು ಹೊದಿಸಬೇಕು. ಹೆಣ ಎತ್ತುವುದು ಆಮೇಲೆ. ಇಂದ್ರಮ್ಮನಿಗೆ ತವರೆಂದು ಉಳಿದಿದ್ದವನು ಮಂಡ್ಯದ ಗುತ್ತಲಿನಲ್ಲಿರುವ ತಮ್ಮ ಚೌಡಯ್ಯ ಒಬ್ಬನೇ. ಅವನು ಅಕ್ಕನೊಡನೆ ಮಾತು ಬಿಟ್ಟು ವರ್ಷವಾಗಿತ್ತು.

"ಬತ್ತಾನೋ ಇಲ್ವೋ ಆವಯ್ಯ?" ಎಂದಳು ಪಕ್ಕದ ಮನೆಯವಳು.

"ಬರ್ದೆ ಎಲ್ಲೋಯ್ತಾನೆ? ಊರು ಉಗಿಯಾಕಿಲ್ವಾ?"

"ಉಗಿಯೋದಾದ್ರೆ ಈಯಮ್ಮನ್ಗೇ ಉಗೀಬೇಕು ಬುಡು. ನಾ ಕೊಟ್ಟ ಸೀರೇನ ಇದೇ ಬಾಗ್ಲಲ್ಲಿ ಬಿಸ್ಲಿಗೆ ಇಡ್ದು, ತಕ್ಕಂಡೋಗು ಅಂದ್ಲು."

"ನಂಗೂ ಅಂಗೇ ಮಾಡುದ್ಲು. ಬೇಡೋಳ್ಗೆ ಏನ್ ಗತ್ತಮ್ಮ! ಅದೂವೆ ಸೀರೇನೇ ಉಡ್ದಿರೋ ಸೀಮೆಗೆ."

ಮಗಳು ಕುಸುಮ ಇದನ್ನೆಲ್ಲ ಕೇಳಿಸಿಕೊಂಡಳು, ತಲೆ ಎತ್ತಲಿಲ್ಲ.

* * *

ಇಂದ್ರಮ್ಮ ಡೈರಿಗೆ ಹಾಲು ಹಾಕಿ ಸಂಸಾರ ನಡೆಸಿದವಳು. ಹಾಲಿಗೆ ನೀರು ಬೆರೆಸಿದವರನ್ನು ಸಾಲಿನಲ್ಲಿ ನಿಂತಲ್ಲೇ ಹೆಸರು ಹಿಡಿದು ಕೇಳಿದವಳು. ಅವಳನ್ನು ಕಂಡರೆ ಊರಿಗೆ ಅಷ್ಟಕ್ಕಷ್ಟೆ.

ಹಿಂದಿನ ವರ್ಷದ ಬೇಸಿಗೆಯಲ್ಲಿ, ಉತ್ತರದ ಗಡಿಯ ಊರುಗಳ ಮೇಲೆ ಫಿರಂಗಿಯ ಷೆಲ್ಲು ಬೀಳುವುದನ್ನು ಅವಳು ಟೀವಿಯಲ್ಲಿ ಕಂಡಳು. ಮನೆ ಬಿಟ್ಟು ಬಂದ ಹೆಂಗಸರು ಶಾಲೆಯೊಂದರಲ್ಲಿ ತೊಟ್ಟ ಬಟ್ಟೆಯಲ್ಲೇ ಕುಳಿತಿದ್ದರು. ಮರುದಿನ ಅವಳು ಮನೆಮನೆಯ ಮುಂದೆ ನಿಂತು ಸೀರೆ ಕೇಳಿದಳು. ಆ ಕಡೆಯ ಹೆಂಗಸರು ಏನು ಉಡುತ್ತಾರೆಂದು ವಿಚಾರಿಸಬೇಕೆಂಬುದು ಅವಳಿಗೆ ಹೊಳೆಯಲಿಲ್ಲ, ಕೊಟ್ಟವರಿಗೂ ಹೊಳೆಯಲಿಲ್ಲ. ಉತ್ತರಕ್ಕೆ ಎಳನೀರು ಸಾಗಿಸುವ ಮದ್ದೂರಿನ ನಾಸಿರ್ ಮೂಟೆಯನ್ನು ತನ್ನ ಲಾರಿಗೆ ಹಾಕಿಕೊಂಡು ಹೋಗಿ, ಆ ಶಾಲೆಗೇ ಮುಟ್ಟಿಸಿದ.

ಹಿಂದಿರುಗಿದವನು ಜಗಲಿಯ ಮೇಲೆ ಕುಳಿತು ನಕ್ಕ.

"ಅಲ್ಲಿ ಸೀರೆ ಉಡಾಕಿಲ್ಲ ಕಣಮ್ಮ. ಜುಬ್ಬ, ಪೈಜಾಮ."

"ಅಯ್ಯೋ ಮುಂಡೇದೆ! ವಾಪಸ್ ತಂದ್ಯಾ?"

"ಇಲ್ಲ. ಒಂದೊಂದು ರೂಮ್ನಾಗೆ ಮೂರು ನಾಕು ಸಂಸಾರ ಅವೆ. ಮದ್ದಿಕ್ಕೆ ಅಗ್ಗ ಕಟ್ಟಿ ನಿಮ್ ಸೀರೆ ಇಳೇ ಬುಟ್ಟವ್ರೆ. ಅದೇ ಅವ್ರ್ಗೆ ಗ್ವಾಡೆ." ಅವನ ನಗು ನಿಂತಿತು. "ತೆಳ್ಳಗಿರೋವು ಕೆಲ್ಸುಕ್ ಬರಾಕಿಲ್ಲ. ಲೈಟ್ ಆಕುದ್ರೆ ಆಚೆ ಮಗ್ಗುಲಲ್ಲಿ ಮಗೀಗೆ ಆಲು ಕುಡ್ಸೋಳೂ ಕಾಣ್ತಾಳೆ. ನಾನೇ ಮಕ ತಿರುಗುಸ್ಕೊಂಡು ಆಚೆ ಬಂದೆ."

ಇಂದ್ರಮ್ಮ ತನ್ನ ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು.

"ಪರದೆಗೆ ಅಂತ ಊರಲ್ಲಿ ಬಾಯಿ ಬುಟ್ಟೀಯೆ," ಎಂದಳು. "ಅರ್ಕು ಬಟ್ಟೇನೆಲ್ಲ ತಂದು ಸುರೀತಾರೆ."

ಅಂದಿನಿಂದ ಕೊಟ್ಟ ಪ್ರತಿ ಸೀರೆಯನ್ನೂ ಅವಳು ಬಿಚ್ಚಿ ಬಿಸಿಲಿಗೆ ಹಿಡಿದಳು. ಬೆಳಕು ದಾಟಿದರೆ ಮಡಿಸಿ, ಕೊಟ್ಟವರ ಕೈಗೇ ಹಿಂದಿರುಗಿಸಿದಳು. ಕಾರಣ ಹೇಳಲಿಲ್ಲ. ಗುತ್ತಲಿನ ತಮ್ಮನ ಮನೆಯಲ್ಲಿ ಹೊಸ ಬೀಗರು ಕುಳಿತಿದ್ದ ದಿನವೂ ಹಾಗೆಯೇ ಮಾಡಿದಳು. ತಮ್ಮನ ಹೆಂಡತಿ ಮಾಯಮ್ಮ ಬೀಗರೆದುರು ತಂದುಕೊಟ್ಟ ಸೀರೆ ತಲೆಬಾಗಿಲ ಬೆಳಕಿನಲ್ಲಿ ಜಾಳುಜಾಳಾಗಿ ತೂಗಿತು.

"ಇದಾಗಾಕಿಲ್ಲ ಮಾಯಮ್ಮ. ಬ್ಯಾರೆ ಕೊಡು."

ಚೌಡಯ್ಯ ಅಕ್ಕನಿಗೆ ಬಾಗಿಲು ತೋರಿಸಿದ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ.

* * *

ಚೌಡಯ್ಯ, ಮಾಯಮ್ಮ ಇಬ್ಬರೂ ಆಟೋದಿಂದಿಳಿದಾಗ ಯಾರೂ ಎದುರು ಹೋಗಲಿಲ್ಲ. ಚೌಡಯ್ಯ ಅಕ್ಕನ ಮುಖ ನೋಡದೆ, ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಕುಸುಮಳತ್ತ ಚಾಚಿದ.

"ತಕ್ಕ. ತವರಿನ ಸೀರೆ. ಮೈಮ್ಯಾಲೆ ಓದಿಸಿ ಎತ್ರಪ್ಪ, ಒತ್ತಾಯ್ತದೆ."

ಹೆಣಕ್ಕೆ ಹೊದಿಸಲೆಂದೇ ಅಂಗಡಿಯವರು ಬೇರೆಯಾಗಿ ಕಟ್ಟಿಡುವ ಅಗ್ಗದ ಸೀರೆ ಅದು. ಕುಸುಮ ಎದ್ದು ನಿಂತಳು. ಮಡಿಕೆ ಬಿಚ್ಚಿ, ಎರಡೂ ಕೈಗಳಲ್ಲಿ ಬಿಸಿಲಿಗೆ ಎತ್ತಿ ಹಿಡಿದಳು. ಆ ಭಂಗಿಯನ್ನು ಅರಿಯದವರು ಅಲ್ಲಿ ಇರಲಿಲ್ಲ. ಸೀರೆಯ ಆಚೆಯ ತೆಂಗಿನಮರದ ಒಂದೊಂದು ಗರಿಯೂ ಕಂಡಿತು. ಅವಳು ಅದನ್ನು ಮಡಿಸಿ ಹಿಂದಕ್ಕೆ ಕೊಟ್ಟಳು.

"ಇದಾಗಾಕಿಲ್ಲ ಮಾವ. ಬ್ಯಾರೆ ತನ್ನಿ. ಅವ್ವ ಕಾಯ್ತಾಳೆ."

"ಏನಂದೆ? ಅವ್ವನ ಕೊಬ್ಬು ಮಗಳಿಗೂ ಇಳ್ದದಾ?" ಚೌಡಯ್ಯನ ಸ್ವರ ಏರಿತು. "ಮಣ್ಣಿಗೋಗೋ ಸೀರೆಗೆ ಏನಮ್ಮೀ ಪರೀಕ್ಸೆ? ಸೀರೆ ಉಡಾಕೇ ಬರ್ದಿರೋರಿಗೆ ಒಳ್ಳೊಳ್ಳೆವು ಬೇಕು, ಒಡುಟ್ಟಿದೋನ ಮಾನ ಮಾತ್ರ ಬೀಗರ ಮುಂದೆ ಅರಾಜು!" ಸೀರೆಯನ್ನು ಕೊಡವಿ ತಾನೇ ತಲೆಯ ಮೇಲಕ್ಕೆ ಎತ್ತಿ ಹಿಡಿದ. "ಏನಾಗದೆ ಇದ್ಕೆ? ನೋಡ್ರಪ್ಪ, ಎಲ್ಲಾರೂ ನೋಡಿ!"

ನೋಡಿದರು. ಸೀರೆಯ ಹಿಂದೆ ಅವನ ತೆರೆದ ಬಾಯಿ ಎಲ್ಲರಿಗೂ ಕಾಣುತ್ತಿತ್ತು.

ತನ್ನ ಬೈಕಿನ ಪಕ್ಕದಲ್ಲಿ ನಿಂತಿದ್ದ ನಾಸಿರ್ ಮುಂದೆ ಬಂದ.

"ಅವ್ರು ಉಡಾಕಲ್ಲ ಚೌಡಣ್ಣ, ಅಡ್ಡ ಕಟ್ಕೊಳ್ಳಾಕೆ. ಒಂದೇ ರೂಮ್ನಾಗೆ ಒಬ್ರ ಸಂಸಾರ ಇನ್ನೊಬ್ರಿಗೆ ಕಾಣ್ದಿರ್ಲಿ ಅಂತ."

"ನೀನ್ಯಾವನ್ಲಾ?"

"ಮೂಟೆ ಸಾಗಿಸ್ದೋನು."

ಚೌಡಯ್ಯನ ಕೈಗಳು ನಿಧಾನವಾಗಿ ಇಳಿದವು. ಅವನು ನಾಸಿರನನ್ನಲ್ಲ, ಚಟ್ಟದ ಮೇಲಿದ್ದವಳನ್ನು ನೋಡಿ ಅರಚಿದ:

"ಅವತ್ತೇ ಬೊಗಳಾಕೆ ಏನಾಗಿತ್ತು ಇವ್ಳಿಗೆ?"

"ಬೊಗಳಿದ್ರೆ ನಾನು ನೆಲ ವರ್ಸೋ ಅರ್ಕು ಸೀರೆ ಕೊಟ್ಟಿರ್ತಿದ್ದೆ," ಎಂದಳು ಮಾಯಮ್ಮ. ಆಡಿಕೊಳ್ಳುತ್ತಿದ್ದ ಹೆಂಗಸರ ಕಡೆ ತಿರುಗಿದಳು. "ನೀವೂ ಅಷ್ಟೇಯ."

"ಬೈಕಿನ ಕೀ ಕೊಡ್ಲಾ," ಎಂದ ಚೌಡಯ್ಯ, ನಾಸಿರನ ಮುಖ ನೋಡದೆ. ತಂದ ಸೀರೆಯನ್ನು ಹೆಂಡತಿಯ ಕೈಗೆ ತುರುಕಿ ಬೈಕ್ ಹತ್ತಿದ. ಬೈಕು ಮದ್ದೂರಿನ ಪೇಟೆಯ ಕಡೆಗೆ ತಿರುಗಿತು.

ಚಟ್ಟ ಕಟ್ಟಿದ ಮೇಲೆ ಹೆಣವನ್ನು ಒಳಗೆ ಒಯ್ಯುವಂತಿರಲಿಲ್ಲ. ಅಂಗಳದಲ್ಲಿ ನೆರಳು ಉಳಿದಿರಲಿಲ್ಲ. ಮಾಯಮ್ಮ ಕೈಯಲ್ಲಿದ್ದ ಸೀರೆಯ ಒಂದು ತುದಿಯನ್ನು ಜಗಲಿಯ ಕಂಬಕ್ಕೂ ಇನ್ನೊಂದನ್ನು ಬಟ್ಟೆ ಒಣಗಿಸುವ ಗಳುವಿಗೂ ಬಿಗಿದು, ಗಂಡನ ಅಕ್ಕನ ತಲೆಯ ಮೇಲೆ ಮರೆ ಕಟ್ಟಿದಳು. ಬಿಸಿಲು ಅದನ್ನು ದಾಟಿ ಇಂದ್ರಮ್ಮನ ಮುಖದ ಮೇಲೆ, ಮೊದಲಿನಂತೆಯೇ, ಬಿದ್ದಿತ್ತು.