ಗುರುದೇವಮ್ಮನ ಒಂದೇ ಉಸಿರು

ನಮ್ಮ ಗುಂಪಿನಲ್ಲಿ ಇನ್ನೂರ ಹನ್ನೆರಡು ಜನ. ಬೆಳಗಾದರೆ ಇನ್ನೂರ ಹನ್ನೆರಡು ಗುಲಾಬಿ, ಇನ್ನೂರ ಹನ್ನೆರಡು ಶುಭೋದಯ. ನನ್ನ ಫೋನು ಆರು ಗಂಟೆಗೆಲ್ಲ ಚಳಿಜ್ವರ ಬಂದವರ ಹಾಗೆ ನಡುಗಿ ನಡುಗಿ ಮಂಚದಿಂದ ತಾನೇ ಕೆಳಗೆ ಬೀಳುತ್ತದೆ. ಗುಂಪಿನ ಹೆಸರು ‘ಗುರುದೇವಮ್ಮ ಸೋಬಾನೆ ಅಭಿಮಾನಿಗಳು’. ಗುರುದೇವಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು. ಬದುಕಿದ್ದಾಗ ಅವಳ ಬಾಗಿಲಿಗೆ ಹೋಗಿ ‘ಊಟ ಆಯ್ತೇನಮ್ಮ’ ಅಂದವರು ಇಷ್ಟು ಜನರಲ್ಲಿ ನಾನೊಬ್ಬಳೇ.

ನನ್ನನ್ನು ಅದಕ್ಕೆ ಸೇರಿಸಿದ್ದು ಮಗಳು ಉಮಾಶ್ರೀ. ಅನ್ನಪೂರ್ಣೇಶ್ವರಿ ನಗರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಾಳೆ, ದಿನಾ ಹತ್ತು ಹೆಂಗಸರ ಹುಬ್ಬು ಕಿತ್ತು ಮನೆಗೆ ಬರುತ್ತಾಳೆ.

“ತಗೋ ಅವ್ವಾ, ಗುರುದೇವಕ್ಕ ಗುರುದೇವಕ್ಕ ಅಂತ ಜಪ ಮಾಡ್ತಿರ್ತೀಯಲ್ಲ. ಅವರ ಭಕ್ತರೆಲ್ಲ ಇಲ್ಲೇ ಇದಾರೆ.”

“ಭಕ್ತರು ನನಗ್ಯಾಕೆ? ನಾನು ಅವಳ ತಲೇಲಿ ಹೇನು ತೆಗ್ದಿರೋಳು ಕಣೇ.”

“ಅದನ್ನೇ ಅಲ್ಲಿ ಹೇಳು. ಎಲ್ರೂ ಹಾರ್ಟ್ ಹಾಕ್ತಾರೆ.”

ನಾನು ಓದಿರುವುದು ಮೂರನೇ ಕ್ಲಾಸು. ಫೋನಿನ ಅಕ್ಷರ ರಾಗಿ ಕಾಳಿನಷ್ಟಿರುತ್ತದೆ. ಬಂದದ್ದನ್ನು ಕೂಡಿಸಿಕೊಂಡು ಓದುತ್ತೇನೆ, ಹೇಳಬೇಕಾದದ್ದಿದ್ದರೆ ಮೈಕಿನ ಗುರುತು ಒತ್ತಿಕೊಂಡು ಮಾತಾಡುತ್ತೇನೆ. ಆದರೆ ಗುಂಪಿನಲ್ಲಿ ನಾನು ಜಾಸ್ತಿ ಮಾತಾಡಿರಲಿಲ್ಲ. ಅದಕ್ಕೆ ಕಾರಣವಿತ್ತು.

ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ, ಈಗ ಮೂರು ಮಹಡಿ ಮನೆಗಳು ಎದ್ದಿರುವ ಕಡೆಯೆಲ್ಲ ಹುರುಳಿ ಹೊಲವಿದ್ದಾಗ, ನಮ್ಮೂರಿನ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದವರು ನಾವಿಬ್ಬರು. ಮುಂದಿನ ದನಿ ಗುರುದೇವಮ್ಮನದು, ಹಿಂದಿನ ದನಿ ನನ್ನದು. ಹೆಣ್ಣು ಹಸೆಮಣೆ ಮೇಲೆ ಕೂತಿರುವಷ್ಟು ಹೊತ್ತು ಪದ ಕಡಿಯಬಾರದು, ಕಡಿದರೆ ಕೇಡು ಅಂತ ನಮ್ಮ ಕಡೆ ನಂಬಿಕೆ. ಮನುಷ್ಯರು ಉಸಿರಾಡಲೇಬೇಕಲ್ಲ. ಮುಂದಿನವಳು ಸಾಲಿನ ಕೊನೆಯ ಮಾತು ಬಿಟ್ಟು ಉಸಿರೆಳೆದುಕೊಳ್ಳುತ್ತಾಳೆ, ಬಿಟ್ಟ ಮಾತು ನೆಲಕ್ಕೆ ಬೀಳುವ ಮೊದಲು ಹಿಂದಿನವಳು ಎತ್ತಿಕೊಳ್ಳುತ್ತಾಳೆ. ಎಲ್ಲಿ ಒಂದು ದನಿ ಮುಗಿದು ಇನ್ನೊಂದು ಶುರುವಾಯಿತು ಅಂತ ಮದುಮಗಳಿಗೆ ಗೊತ್ತಾಗಬಾರದು. ಗೊತ್ತಾದರೆ ಹಿಂದಿನವಳಿಗೆ ಕೆಲಸ ಬರುವುದಿಲ್ಲ ಅಂತ ಅರ್ಥ. ನಾನು ಎತ್ತಿಕೊಂಡರೆ ಮದುಮಗಳಿರಲಿ, ಗುರುದೇವಮ್ಮನ ಗಂಡನಿಗೇ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ಪದ್ಧತಿ. ಎಲೆ ಅಡಿಕೆ ಕೊಟ್ಟು ಕರೆಯದೆ ನಾವು ಬಾಯಿ ಬಿಡುವಂತಿಲ್ಲ. ಎಂಥಾ ನೆಂಟರ ಮದುವೆಯಾದರೂ ಅಷ್ಟೇ. ಕರೆಯದೆ ಹಾಡಿದವಳನ್ನು ಚಪ್ಪರದಲ್ಲೇ ಆಡಿಕೊಂಡು ನಗುತ್ತಿದ್ದರು.

ನಲವತ್ತು ವರ್ಷದ ಹಿಂದೆ ಗಾಂಧಿನಗರದ ಒಂದು ಕ್ಯಾಸೆಟ್ ಕಂಪನಿಯವರು ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆಸಿಕೊಂಡರು. ಗೋಡೆಗೆಲ್ಲ ಗೋಣಿಚೀಲ ಬಡಿದಿದ್ದ ಕೋಣೆ, ಒಳಗೆ ಕೂತರೆ ಹಪ್ಪಳ ಸುಡಬಹುದಾದಷ್ಟು ಸೆಕೆ. ಇದ್ದದ್ದು ಒಂದೇ ಮೈಕು. ಗುರುದೇವಮ್ಮ ಅದರ ಮುಂದೆ, ನಾನು ಅವಳ ಬೆನ್ನಿನ ಹಿಂದೆ. ಹತ್ತು ಪದ ಹೇಳಿದೆವು. ಕ್ಯಾಸೆಟ್ ಬಂದಾಗ ಮೇಲಿನ ಕಾಗದದಲ್ಲಿ ಗುರುದೇವಮ್ಮನ ಪಟ, ಗುರುದೇವಮ್ಮನ ಹೆಸರು. ಡೋಲಕ್ ಬಡಿದವನ ಹೆಸರೂ ಇತ್ತು. ನನ್ನದಿರಲಿಲ್ಲ.

“ಮುಂದಿನ ಕ್ಯಾಸೆಟ್ಟಲ್ಲಿ ಹಾಕಿಸ್ತೀನಿ ಕಣೇ ಪಟಾಲಿ” ಅಂದಳು ಗುರುದೇವಮ್ಮ. ಪಟಾಲಮ್ಮ ಅನ್ನುವ ನನ್ನ ಹೆಸರು ಅವಳ ಬಾಯಲ್ಲಿ ಹಾಗೆ. ಮುಂದಿನ ಕ್ಯಾಸೆಟ್ಟಿಗೆ ತಂಗಿಯನ್ನು ಕರೆದುಕೊಂಡು ಹೋದಳು.

ಯಾಕೆ ಅಂತ ಕೇಳಲು ಹೋಗಲಿಲ್ಲ ನಾನು. ನನ್ನ ಯಜಮಾನರು ಮಾತ್ರ ಆ ಮೊದಲನೆಯ ಕ್ಯಾಸೆಟ್ಟನ್ನು ಭಾನುವಾರ ತಪ್ಪದೆ ಹಾಕುತ್ತಿದ್ದರು. ಗಡ್ಡಕ್ಕೆ ಸೋಪು ಹಚ್ಚಿಕೊಂಡು, ನನ್ನ ದನಿ ಬಂದ ಕಡೆಯೆಲ್ಲ ಬ್ಲೇಡು ನಿಲ್ಲಿಸಿ ಒಂದು ಬೆರಳು ಎತ್ತುತ್ತಿದ್ದರು, ಕೊನೆಯ ಪದದ ಕೊನೆಗೆ ಮಾತ್ರ ಎರಡು. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇನ್ನೊಂದು ಕೆನ್ನೆಯ ಸೋಪು ಒಣಗಿ ಸುಣ್ಣದ ಗೋಡೆಯಾಗಿರುತ್ತಿತ್ತು. ಅವರು ಹೋಗಿ ಹನ್ನೊಂದು ವರ್ಷ. ಗಂಟಲಿನ ಆಪರೇಷನ್ ಆದ ಮೇಲೆ ನನ್ನ ದನಿಯೂ ಹೋಯಿತು. ಈಗ ನಾನು ಮಾತಾಡಿದರೆ ಬಾಗಿಲಿನ ಕೀಲಿಗೆ ಎಣ್ಣೆ ಹಾಕಬೇಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನನ್ನ ದನಿ ಅಂತ ಈ ಭೂಮಿಯ ಮೇಲೆ ಉಳಿದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ಗುಂಪಿನಲ್ಲಿ ದಿನಾ ಜಗಳ. ಕ್ಯಾಸೆಟ್ಟಿನ ಸದ್ದೇ ಸದ್ದು ಅನ್ನುವವರು ಒಂದು ಕಡೆ, ಡಿಜಿಟಲ್ ಆಗಬೇಕು ಅನ್ನುವವರು ಇನ್ನೊಂದು ಕಡೆ. ರಾಜಾಜಿನಗರದ ಲಕ್ಷ್ಮೀಪತಿ ಅಂತ ಒಬ್ಬರು, ರಿಟೈರಾದ ಆಫೀಸರು. ಅವರು ಒಂದು ಮೆಸೇಜು ಬರೆದರೆ ಹೇರೋಹಳ್ಳಿಯಿಂದ ಕೆಂಗೇರಿಯವರೆಗೂ ಹಾಸಬಹುದು. ವಿಜಯನಗರದ ರಾಗಿಣಿ ಅಂತ ಒಂದು ಹುಡುಗಿ, ಗುರುದೇವಮ್ಮನ ಪದಕ್ಕೆ ಸೀರೆಯುಟ್ಟು ರೀಲ್ಸ್ ಮಾಡುತ್ತದೆ. ಇವರಿಗೆಲ್ಲ ಯಜಮಾನ ಬಸವೇಶ್ವರನಗರದ ಬಸವಕಿರಣ್. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಗುಂಪಿಗೆ ಹಾಕುವವನು ಅವನೇ.

ಅವನದೊಂದು ಕಾನೂನು. ಬರೀ ಗುರುದೇವಮ್ಮನ ದನಿ, ಬೇರೆ ಏನೂ ಬೆರೆಯಬಾರದು. ಎರಡನೇ ಕ್ಯಾಸೆಟ್ಟಿನ ಒಂದು ಪದದಲ್ಲಿ ಎರಡು ಸಾಲು ಹಾಡಿದ್ದು ಅವಳ ತಂಗಿ ಅಂತ ರಾಗಿಣಿ ಕಂಡುಹಿಡಿದಾಗ ಗುಂಪಿನಲ್ಲಿ ಓಟು ಹಾಕಿಸಿದರು. ನೂರ ಎಂಬತ್ತು ಜನ ‘ತೆಗೆಯಿರಿ’ ಅಂದರು. ಸಂಜೆಯೊಳಗೆ ಆ ಎರಡು ಸಾಲು ಮಾಯ.

“ಈಗ ಪ್ಯೂರ್ ಆಯ್ತು ಗುರು” ಅಂತ ಒಬ್ಬ ಬರೆದ.

ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅವಳ ತಂಗಿಗೆ ಹಾಗೇ ಆಗಬೇಕು ಅಂತ ಇನ್ನೊಂದು ಲೋಟ ಕಾಫಿ ಕುಡಿದೆ.

ಮೊದಲನೆಯ ಕ್ಯಾಸೆಟ್ಟು ಯಾರ ಹತ್ತಿರವೂ ಇರಲಿಲ್ಲ. ಇದ್ದವರದಕ್ಕೆ ಬೂಷ್ಟು ಹಿಡಿದಿತ್ತು. ನನ್ನ ಹತ್ತಿರ ಇದೆ ಅಂತ ಉಮಾಶ್ರೀ ಬರೆದದ್ದೇ ತಡ, ಮಾರನೇ ದಿನ ಬಸವಕಿರಣ್ ಸ್ಕೂಟರಿನಲ್ಲಿ ಬಂದು ಬಾಗಿಲಲ್ಲಿ ನಿಂತ. ಹೇರೋಹಳ್ಳಿ ರಸ್ತೆಯ ಧೂಳು ತಲೆಯಿಂದ ಪಾದದವರೆಗೂ ಮೆತ್ತಿಕೊಂಡಿತ್ತು. ಕುಂಬಾರ ಈಗಷ್ಟೇ ಮಾಡಿಟ್ಟ ಗೊಂಬೆಯಂತಿದ್ದ.

“ಅಜ್ಜೀ, ಇದು ಚಿನ್ನ ಕಣ್ರೀ, ಚಿನ್ನ! ಇದನ್ನ ಅಮರ ಮಾಡ್ಬಿಡ್ತೀನಿ ನೋಡ್ತಿರಿ” ಅಂದ.

“ಮಾಡಪ್ಪ. ಮಾಡಿ ಚೆನ್ನಾಗಿ ಕೇಳು. ಕಿವಿ ಬಿಟ್ಕೊಂಡು ಕೇಳು.”

“ಎಷ್ಟು ಸಲ ಕೇಳ್ತೀನಿ ಗೊತ್ತಾ ಅಜ್ಜಿ ನಾನು!”

ಉಮಾಶ್ರೀ ಅಡುಗೆಮನೆಯಿಂದ ಕಣ್ಣು ಮಿಟುಕಿಸುತ್ತಾ ‘ಹೇಳು, ಹೇಳು’ ಅಂತ ಸನ್ನೆ ಮಾಡಿದಳು. ನಾನು ಹೇಳಲಿಲ್ಲ. ಚಪ್ಪರದ ಗದ್ದಲದಲ್ಲಿ ಗೊತ್ತಾಗದ್ದು ಮಿಷನ್ನಿನಲ್ಲಿ ಮತ್ತೆ ಮತ್ತೆ ಕೇಳಿದರೆ ಅವನಿಗೇ ಗೊತ್ತಾಗುತ್ತದೆ. ಈ ಎರಡನೇ ದನಿ ಯಾರದು ಅಂತ ಅವನೇ ಕೇಳುತ್ತಾನೆ, ಗುಂಪೇ ಕೇಳುತ್ತದೆ, ಆಗ ಹೇಳಿದರಾಯಿತು. ಎಲೆ ಅಡಿಕೆ ಬರಲಿ ಅಂತ ಕಾದೆ. ಕರೆಯದೆ ಬಾಯಿ ಬಿಡದ ಹೆಂಗಸು ನಾನು. ಅದೇ ನಾನು ಮಾಡಿದ ತಪ್ಪು.

ಹದಿನೈದು ದಿನದ ಮೇಲೆ ಹತ್ತು ಪದವೂ ಗುಂಪಿಗೆ ಬಂದವು. ಜೊತೆಗೆ ಬಸವಕಿರಣನ ಮೆಸೇಜು. ಉಮಾಶ್ರೀ ಓದಿದಳು.

“ಫ್ರೆಂಡ್ಸ್, ಮೊದಲನೇ ಕ್ಯಾಸೆಟ್ ರೆಡಿ. ಹೊಸ ಸಾಫ್ಟ್‌ವೇರಲ್ಲಿ ಹಾಕಿ ಕ್ಲೀನ್ ಮಾಡಿದೀನಿ. ಟೇಪಿನ ಹಿಸ್ ಸೌಂಡ್ ಇಲ್ಲ, ಡೋಲಕ್ ಕಮ್ಮಿ. ಹಿಂದೆ ಒಂದು ಲೇಡಿ ವಾಯ್ಸ್ ತುಂಬಾ ಡಿಸ್ಟರ್ಬ್ ಮಾಡ್ತಿತ್ತು, ಅದನ್ನ ಪೂರ್ತಿ ತೆಗೆದಿದೀನಿ. ಎಂಜಾಯ್!”

ಓದಿದವಳು ಫೋನು ಕೆಳಗಿಟ್ಟಳು. ನನ್ನ ಮುಖ ನೋಡಲಿಲ್ಲ.

“ಹಾಕು” ಅಂದೆ.

ಹಾಕಿದಳು. ಗುರುದೇವಮ್ಮ ಹಾಡಿದಳು. ಗಾಜು ಒರೆಸಿದ ಹಾಗೆ ಶುಭ್ರವಾಗಿತ್ತು. ಸಾಲಿನ ಕೊನೆಗೆ ಬಂದು ಮಾತು ಬಿಟ್ಟಳು. ಯಾರೂ ಎತ್ತಿಕೊಳ್ಳಲಿಲ್ಲ. ಸುಮ್ಮನೆ ಖಾಲಿ. ಆಮೇಲೆ ಮುಂದಿನ ಸಾಲು, ಮತ್ತೆ ಖಾಲಿ. ಪ್ರತಿ ಸಾಲಿಗೂ ಪದ ಕಡಿಯುತ್ತಿತ್ತು. ಆ ಹಸೆಮಣೆ ಮೇಲೆ ನಮ್ಮ ಹುಡುಗಿಯರನ್ನು ಕೂರಿಸಿದ್ದರೆ ಊರಿಗೆ ಊರೇ ಗಂಡ ಬಿಟ್ಟವರಾಗುತ್ತಿದ್ದರು.

ಗುಂಪಿನಲ್ಲಿ ಜಾತ್ರೆ.

“ವಾಹ್, ಆ ಗ್ಯಾಪ್‌ಗಳಲ್ಲಿ ಎಂಥಾ ಸೈಲೆನ್ಸ್! ಗೂಸ್‌ಬಂಪ್ಸ್” ಅಂದಳು ರಾಗಿಣಿ.

“ಮೌನವೂ ಸಂಗೀತವೇ. ಅಮ್ಮನವರಿಗೆ ಮಾತ್ರ ಗೊತ್ತಿದ್ದ ರಹಸ್ಯ ಇದು” ಅಂದರು ಲಕ್ಷ್ಮೀಪತಿ.

ಉಮಾಶ್ರೀಗೆ ತಡೆಯಲಾಗಲಿಲ್ಲ. ಬಸವಕಿರಣನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

“ಕಿರಣ್ ಅವರೇ, ಕ್ಲೀನ್ ಮಾಡೋಕ್ ಮುಂಚಿಂದು ಇದ್ಯಲ್ಲ, ಅದನ್ನ ಸ್ವಲ್ಪ ಕಳಿಸ್ತೀರಾ?”

“ಅಯ್ಯೋ ಮೇಡಂ, ಅದು ದೊಡ್ಡ ಫೈಲು, ಜಾಗ ಇಲ್ಲ ಅಂತ ಡಿಲೀಟ್ ಮಾಡ್ಬಿಟ್ಟೆ. ಯಾಕೆ, ಇದು ಸೂಪರಾಗಿ ಬಂದಿಲ್ವಾ?”

“ಹಂಗಾದ್ರೆ ಕ್ಯಾಸೆಟ್ಟೇ ವಾಪಸ್ ಕೊಡಿ.”



“ಅದು... ಸಾರಿ ಮೇಡಂ. ಎರಡನೇ ಸೈಡ್ ಮುಗೀತಿದ್ದಂಗೇ ಡೆಕ್ಕಲ್ಲಿ ಸಿಕ್ಕಾಕೊಂಡು ಟೇಪು ಚೂರುಚೂರಾಗೋಯ್ತು. ಹಳೇದಲ್ವಾ. ಡಬ್ಬಿ ಇದೆ, ಮೇಲಿನ ಫೋಟೋ ಚೆನ್ನಾಗಿದೆ, ಅದನ್ನ ಫ್ರೇಮ್ ಹಾಕಿಸಿ ಕೊಡ್ತೀನಿ.”

ಉಮಾಶ್ರೀ ಬಾಯಿಗೆ ಬಂದದ್ದು ಅನ್ನುವ ಮೊದಲು ನಾನು ಫೋನು ಕಿತ್ತುಕೊಂಡು ಕಟ್ ಮಾಡಿದೆ. ಬೈಯಲು ನನಗೂ ಬರುತ್ತದೆ. ನಾನು ಬೈದರೆ ಬಸವೇಶ್ವರನಗರದ ಕಾಗೆಗಳೆಲ್ಲ ಎದ್ದು ಮಾಗಡಿ ರೋಡಿಗೆ ಹಾರಬೇಕು. ಆದರೆ ಬೈದರೆ ದನಿ ಬರುತ್ತದೆಯೇ? ಊಟ ಮಾಡಲಿಲ್ಲ. ಯಜಮಾನರ ಪಟದ ಕಡೆ ತಿರುಗಲಿಲ್ಲ. ಅವರು ಬೆರಳು ಎತ್ತಲು ಈಗ ಎಲ್ಲೂ ಜಾಗವಿರಲಿಲ್ಲ.

ಮೂರು ದಿನ ಕಳೆದ ಮೇಲೆ, ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಫೋನು ಎಗರಾಡಿತು. ಲಕ್ಷ್ಮೀಪತಿಯವರು ಹತ್ತನೇ ಪದದ ಕೊನೆಯ ಚೂರು ಕತ್ತರಿಸಿ ಗುಂಪಿಗೆ ಹಾಕಿದ್ದರು, ಜೊತೆಗೆ ಅವರ ಉದ್ದದ ಹಾಸು. ಆ ಹೊತ್ತಿಗೆ ಉಮಾಶ್ರೀ ಊಟಕ್ಕೆ ಬಂದಳು, ಓದಿಸಿದೆ.

“ಹಸೆ ಪದದ ಕೊನೆಯ ಸಾಲನ್ನು ಎಲ್ಲರೂ ಗಮನಿಸಿ. ಇಪ್ಪತ್ತಾರು ಸೆಕೆಂಡು, ಒಂದೇ ಉಸಿರು! ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಇದು ತಪಸ್ಸು. ಇಂಥಾ ಉಸಿರು ಇನ್ನೊಬ್ಬರಿಗೆ ಸಾಧ್ಯವಿಲ್ಲ.”

ಉಮಾಶ್ರೀ ಅದನ್ನು ಹಾಕಿದಳು. ಗುರುದೇವಮ್ಮ ಸಾಲು ಶುರುಮಾಡಿದಳು. ದನಿ ಏರಿತು, ಏರಿ ನಿಂತಿತು, ನಿಂತಲ್ಲೇ ಬಳುಕಿ ಬಳುಕಿ ಕೆಳಗಿಳಿಯಿತು.

ನನ್ನ ಕೈಯಲ್ಲಿದ್ದ ದಂಟು ಕೆಳಗೆ ಬಿತ್ತು.

ಗಾಂಧಿನಗರದ ಆ ಕೋಣೆಯಲ್ಲಿ ಹಾಡಿದ ದಿನ ಗುರುದೇವಮ್ಮನಿಗೆ ನೆಗಡಿ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವಳು, ಅವತ್ತು ಕೂತಲ್ಲೇ ಬಿಡುತ್ತಿದ್ದಳು. ಕೊನೆಯ ಸಾಲಿನ ಎರಡನೇ ಮಾತಿಗೇ ಅವಳ ಉಸಿರು ಹೋಯಿತು. ಹೆದರಿ, ಕೈ ಹಿಂದಕ್ಕೆ ಚಾಚಿ ನನ್ನ ತೊಡೆ ಹಿಡಿದುಕೊಂಡಳು. ನಾನು ಅವಳ ದನಿಯೊಳಗೇ ನನ್ನ ದನಿ ಇಳಿಸಿ ಎತ್ತಿಕೊಂಡು ಹೋಗಿ ಕೊನೆ ಮುಟ್ಟಿಸಿದೆ. ಉಳಿದ ಕಡೆಯೆಲ್ಲ ನಮ್ಮಿಬ್ಬರ ದನಿ ಒಂದರ ಪಕ್ಕ ಒಂದಿತ್ತು, ಅವನ ಮಿಷನ್ನು ಬೇರೆ ಮಾಡಿ ಬಿಸಾಕಿತು. ಇಲ್ಲಿ ಮಾತ್ರ ಮಿಷನ್ನಿಗೂ ಗೊತ್ತಾಗಲಿಲ್ಲ. ಆ ಇಪ್ಪತ್ತಾರು ಸೆಕೆಂಡಿನಲ್ಲಿ ನಾಲ್ಕು ಅವಳದು, ಇಪ್ಪತ್ತೆರಡು ನನ್ನದು.

“ಅವ್ವಾ, ಇದು ನೀನೇ ಅಲ್ವಾ? ಅಪ್ಪ ಎರಡು ಬೆರಳು ಎತ್ತುತ್ತಿದ್ದಿದ್ದು ಇದಕ್ಕೇ ಅಲ್ವಾ?”

ತಲೆಯಾಡಿಸಿದೆ.

“ಹಂಗಾದ್ರೆ ಹೇಳು! ಈಗ್ಲೇ ಹೇಳು. ಎಲ್ರೂ ಅದನ್ನೇ ಹೊಗಳ್ತಾ ಇದಾರೆ. ಎಲೆ ಅಡಿಕೆ ಅಂತ ಇನ್ನೂ ಕಾಯ್ತೀಯಾ ನೀನು?”

ಈ ಸಲ ಕಾಯಲಿಲ್ಲ. ಮೈಕಿನ ಗುರುತು ಒತ್ತಿ ಹಿಡಿದೆ. “ನಾನು ಹೇರೋಹಳ್ಳಿ ಪಟಾಲಮ್ಮ ಮಾತಾಡ್ತಿರೋದು. ಆ ಕೊನೇ ಸಾಲು...” ಅನ್ನುವಷ್ಟರಲ್ಲಿ ಮೇಲೆ ಬಸವಕಿರಣನ ಮೆಸೇಜು ಬಂತು. ಉಮಾಶ್ರೀ ನನ್ನ ಹೆಗಲ ಮೇಲಿಂದ ಓದಿದಳು.

“ಫ್ರೆಂಡ್ಸ್, ನಾಳೆ ಇದನ್ನ ಹಾಡಿನ ಆ್ಯಪ್‌ಗೆ ಹಾಕ್ತಿದೀನಿ. ಇಡೀ ಪ್ರಪಂಚ ಕೇಳುತ್ತೆ. ಒಂದ್ಸಲ ಹಾಕಿದ್ರೆ ಬದಲಾಯ್ಸಕ್ಕಾಗಲ್ಲ. ಅಮ್ಮನ ದನಿ ಬಿಟ್ಟು ಬೇರೆ ದನಿ ಎಲ್ಲಾದ್ರೂ ಉಳಿದಿದ್ರೆ ಈಗ್ಲೇ ಹೇಳಿ, ಕಟ್ ಮಾಡ್ತೀನಿ. ಪಟಾಲಮ್ಮಜ್ಜಿ, ನೀವು ನಲವತ್ತು ವರ್ಷದಿಂದ ಕೇಳಿರೋರು. ನೀವು ಓಕೆ ಅಂದ್ರೆ ಫೈನಲ್.”

ಅಲ್ಲಿಗೆ ಎಲೆ ಅಡಿಕೆ ಬಂದಂತಾಯಿತು.

ಇನ್ನೂ ಒತ್ತಿಕೊಂಡಿದ್ದ ಹೆಬ್ಬೆರಳು ಪಕ್ಕಕ್ಕೆ ಜಾರಿಸಿದೆ. ಮಾತಾಡಿದ್ದು ಗುಂಪಿಗೆ ಹೋಗದೆ ಅಳಿಸಿಹೋಯಿತು.

“ಏನ್ ಮಾಡ್ದೆ ಅವ್ವಾ?”

“ಸುಮ್ನಿರೇ.”

ಮತ್ತೆ ಒತ್ತಿದೆ. ಗಂಟಲು ಸರಿಮಾಡಿಕೊಂಡೆ.

“ಇಲ್ಲ ಕಣಪ್ಪ. ಬೇರೆ ದನಿ ಒಂಚೂರೂ ಉಳಿದಿಲ್ಲ. ಎಲ್ಲಾ ಗುರುದೇವಮ್ಮಂದೇ. ಹಾಕು.”

ನೂರಾರು ಹೆಬ್ಬೆಟ್ಟು, ನೂರಾರು ಹಾರ್ಟು ಉದುರಿದವು. ಎಲ್ಲಕ್ಕಿಂತ ಕೆಳಗೆ ಲಕ್ಷ್ಮೀಪತಿಯವರು ನನಗೇ ಅಂತ ಎರಡು ಸಾಲು ಬರೆದಿದ್ದರು.

“ಧನ್ಯವಾದ ಅಮ್ಮಾ. ನಿಮ್ಮ ದನಿ ತುಂಬಾ ಒಡೆದುಹೋಗಿದೆ. ಬಿಸಿನೀರಿಗೆ ಉಪ್ಪು ಹಾಕ್ಕೊಂಡು ಮುಕ್ಕಳಿಸಿ, ಆಮೇಲೆ ಗುರುದೇವಮ್ಮನವರ ಆ ಕೊನೆ ಸಾಲನ್ನ ದಿನಾ ಒಂದ್ಸಲ ಕೇಳಿ. ಉಸಿರು ಅಂದ್ರೆ ಏನು ಅಂತ ತಿಳಿಯುತ್ತೆ.”