ಹಬ್ಬಕ್ಕೆ ಮನೆಯಲ್ಲಿದ್ದ ಮುನಿರಾಜು

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಪಾಪಯ್ಯ ತಲೆಯೆತ್ತಿ, "ಅಕ್ಕಿ ಹಾಕೋರು ಹಾಕ್ಬಿಡ್ರಪ್ಪ, ಹೊತ್ತಾಯ್ತು," ಎಂದ. ತೀರಿಹೋದವನು ಅವನ ತಮ್ಮ, ಮುನಿರಾಜು. ರಕ್ಷಿತಾ ಹೆಂಗಸರ ಹಿಂದೆ ನಿಂತಳು. ಸಾಲು ಎನ್ನುವಷ್ಟು ಜನರೇನೂ ಇರಲಿಲ್ಲ. ದೀಪಾವಳಿ ಅಮಾವಾಸ್ಯೆಯ ದಿನ ಸಾವಿನ ಮನೆಗೆ ಬಂದರೆ ಹಬ್ಬ ಕೆಡುತ್ತದೆಂದು ನೆಂಟರಲ್ಲಿ ಅರ್ಧ ಜನ ಫೋನಿನಲ್ಲೇ ಅತ್ತು ಮುಗಿಸಿದ್ದರು. ಮಾದನಾಯಕನಹಳ್ಳಿಯ ಗೋಡೌನುಗಳಲ್ಲಿ ಕೆಲಸಕ್ಕಿದ್ದ ಊರ ಹುಡುಗರಿಗೆ ಆನ್‌ಲೈನ್ ಅಂಗಡಿಗಳ ಹಬ್ಬದ ಸೇಲು ಮುಗಿಯುವವರೆಗೆ ರಜೆ ಇಲ್ಲ.

ಮುನಿರಾಜು ಕಾವಲಿಗಿದ್ದ ಅಪಾರ್ಟ್‌ಮೆಂಟಿನ ಮುನ್ನೂರು ಮನೆಗಳಿಂದ ಬಂದವಳು ರಕ್ಷಿತಾ ಒಬ್ಬಳೇ. ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ಸಂಜೆ ಕೈಮುಗಿಯುವ ಚಿತ್ರಗಳು ಸಾಲಾಗಿ ಬಿದ್ದಿದ್ದವು. ಅವುಗಳ ಕೆಳಗೆ ಯಾರೋ ಕೇಳಿದ್ದರು: ಪಾರ್ಸೆಲ್ ರೂಮಿನ ಕೀ ಈಗ ಯಾರ ಹತ್ತಿರ ಇದೆ?

ಅಕ್ಕಿ ಹಾಕಿ ಹಿಂದೆ ಸರಿದಾಗ ಮುನಿರಾಜುವಿನ ಮಗಳು ವೇಣಿ ಹತ್ತಿರ ಬಂದಳು. "ನೀವು ಸಿ ಬ್ಲಾಕ್ ಅಲ್ವಾ ಅಕ್ಕ? ಕೊಟ್ರಪ್ಪನವರ ಸೊಸೆ?"

"ನಿಮಗೆ ಹೆಂಗೆ ಗೊತ್ತು?"

"ಅಪ್ಪ ಹೇಳ್ತಿದ್ರು. ಲಿಫ್ಟ್ ಕೆಟ್ಟಾಗ ನಿಮ್ಮಾವನ ಮಾತ್ರೆ ತಗೊಂಡು ಆರು ಮಹಡಿ ಹತ್ತಿದ್ರಂತೆ. ಔಷಧಿ ಡಬ್ಬ ಬಂದ್ರೆ ಅದನ್ನ ಮೊದ್ಲು ಕೊಡೋರು. ಮಿಕ್ಕಿದ್ದು ಕಾಯುತ್ತೆ, ಕಾಯಿಲೆ ಕಾಯಲ್ಲ ಅನ್ನೋರು."

ರಕ್ಷಿತಾಗೆ ಆತನ ಹೆಸರು ಗೊತ್ತಾದದ್ದೇ ನಿನ್ನೆ. ನಾಲ್ಕು ವರ್ಷ ಆತ ಬರೀ 'ಸೆಕ್ಯೂರಿಟಿ ಅಣ್ಣ'.

ಹೊರಲು ನಾಲ್ಕನೇ ಹೆಗಲು ಸಿಗಲಿಲ್ಲ. ಎದುರಿನ ಗೋಡೌನಿನ ಮುಂದೆ ಸರದಿಗೆ ಕಾಯುತ್ತಿದ್ದ ಲಾರಿ ಡ್ರೈವರ್ ಯಮನಪ್ಪ ಬೀಡಿ ಆರಿಸಿ, ಚಪ್ಪಲಿ ಬಿಟ್ಟು ಬಂದ. "ಯಾರ್ರೀ ಇವ್ರು?" ಎಂದು ಕೇಳಿದ್ದು ಹೆಗಲು ಕೊಟ್ಟ ಮೇಲೆ.

*

ನಿನ್ನೆ ಬೆಳಿಗ್ಗೆ ರಕ್ಷಿತಾ ಕಿವಿಗೆ ಫೋನಿಟ್ಟುಕೊಂಡೇ ಕೆಳಗಿಳಿದಿದ್ದಳು. ಆಫೀಸಿನ ಮೀಟಿಂಗ್ ನಡೆಯುತ್ತಿತ್ತು. ಪಾರ್ಸೆಲ್ ರೂಮಿನಲ್ಲಿ ಡಬ್ಬಗಳು ಕಿಟಕಿ ಮುಚ್ಚುವಷ್ಟು ಎತ್ತರಕ್ಕೆ ಬಿದ್ದಿದ್ದವು. ಕಾಲಿಡಲು ಜಾಗವಿರಲಿಲ್ಲ. ಅವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆತ ಗೋಡೆಗೆ ತಲೆ ಆನಿಸಿ ಕೂತಿದ್ದ. ಕಣ್ಣು ಮುಚ್ಚಿತ್ತು.

"ಅಣ್ಣ, ಸಿ ಆರುನೂರ ನಾಲ್ಕು," ಎಂದಳು. ಅವಳ ಡಬ್ಬ, ಮಾವನ ಮಾತ್ರೆಯದು, ಆತನ ತೊಡೆಯ ಮೇಲೇ ಇತ್ತು. ಅದರ ಮೇಲೆ ಆತನ ಕೈ.

ಹಬ್ಬದ ವಾರ, ರಾತ್ರಿಯೆಲ್ಲ ನಿದ್ದೆಗೆಟ್ಟಿರಬೇಕು ಎಂದುಕೊಂಡಳು. ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು ಡಬ್ಬ ತೆಗೆದುಕೊಂಡಳು. ಕೈ ಜಾರಿ ಕುರ್ಚಿಯಿಂದ ಕೆಳಗೆ ಜೋತುಬಿತ್ತು. ಅಷ್ಟರಲ್ಲಿ ಫೋನಿನಲ್ಲಿ ಯಾರೋ ಅವಳ ಹೆಸರು ಕರೆದರು. ಪುಸ್ತಕದಲ್ಲಿ ಸಹಿ ಮಾಡಿ ಲಿಫ್ಟಿನತ್ತ ಓಡಿದಳು.

ಹತ್ತೂವರೆಗೆ ಆತ ಎದೆ ಹಿಡಿದುಕೊಂಡಿದ್ದು ಕ್ಯಾಮೆರಾದಲ್ಲಿದೆ. ರಕ್ಷಿತಾ ಹೋದದ್ದು ಹತ್ತು ನಲವತ್ತಕ್ಕೆ. ಗೊತ್ತಾದದ್ದು ಮಧ್ಯಾಹ್ನ ಒಂದೂಕಾಲಿಗೆ, ಕಸ ಗುಡಿಸುವ ಹೆಂಗಸು ಕೂಗಿಕೊಂಡಾಗ. ನಡುವೆ ಇಪ್ಪತ್ತಾರು ಜನ ಬಂದು ತಮ್ಮ ತಮ್ಮ ಡಬ್ಬ ಆರಿಸಿಕೊಂಡು ಹೋಗಿದ್ದರು. ಒಬ್ಬರು ಆತನ ಕಾಲು ದಾಟಿಕೊಂಡು ಹೋಗಿದ್ದರು.

*

ಗಂಡಸರು ಹೆಣ ಹೊತ್ತು ಹೋದ ಮೇಲೆ ನೆರೆಯ ಹೆಂಗಸರು ಅಂಗಳ ತೊಳೆದು, ತಮ್ಮ ಮನೆಗಳಲ್ಲಿ ಲಕ್ಷ್ಮಿ ಪೂಜೆ ಇದೆಯೆಂದು ಒಬ್ಬೊಬ್ಬರೇ ಹೊರಟರು. ವೇಣಿ ಒಲೆ ಹಚ್ಚಲು ಹಿತ್ತಲಿಗೆ ಹೋದಳು. ನಡುಮನೆಯಲ್ಲಿ ಉಳಿದವರು ರಕ್ಷಿತಾ ಮತ್ತು ಮುನಿರಾಜುವಿನ ಹೆಂಡತಿ ಅನುಸೂಯಮ್ಮ.

"ಮೂವತ್ತು ವರ್ಸದಲ್ಲಿ ಹಬ್ಬದ ದಿನ ಮನೇಲಿದ್ದಿದ್ದು ಇವತ್ತೇ," ಎಂದಳು ಅನುಸೂಯಮ್ಮ, ಯಾರಿಗೆಂದಿಲ್ಲದೆ. "ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿ ಕಟಿಂಗ್ ಮಾಸ್ಟ್ರು. ಯಾವ್ದೋ ದೇಸದೋರ ಹಬ್ಬಕ್ಕೆ ಬ್ಯಾಸ್ಗೇಲೇ ಕೆಂಪು ಬಟ್ಟೆ ಕತ್ರಿಸ್ಬೇಕು. ಮೂಗಲ್ಲೆಲ್ಲ ಕೆಂಪು ಧೂಳು. ನಮ್ಮ ಹಬ್ಬ ಬಂದ್ರೆ ಓಟಿ, ರಾತ್ರಿಯೆಲ್ಲ ಕೆಲ್ಸ. ಅದು ಮುಚ್ಚೋಯ್ತು, ಅಪಾರ್ಟ್‌ಮೆಂಟಿಗೆ ಸೇರ್ಕೊಂಡ್ರು. ಅಲ್ಲೂ ಅಂಗೇ."

ಹೊರಗೆ ಎಲ್ಲೋ ಸರಪಟಾಕಿ ಸಿಡಿಯಿತು. ಅದು ನಿಂತ ಮೇಲೆ ಅನುಸೂಯಮ್ಮ ರಕ್ಷಿತಾಳ ಕಡೆ ತಿರುಗಿದಳು.

"ನೀವು ಅಲ್ಲಿಯೋರಲ್ವಾ. ನಿನ್ನೆ ಅವರ್ನ ನೋಡಿದ್ರಾ?"

ಇಲ್ಲ ಎಂದುಬಿಟ್ಟರೆ ಎದ್ದು ಹೋಗಬಹುದಿತ್ತು. ಮನೆಯಲ್ಲಿ ಗಂಡ ಈರೇಶ್ ಪೂಜೆಗೆ ಕಾಯುತ್ತಿದ್ದ. "ಅದಕ್ಯಾಕೆ ಹೋಗ್ತೀಯ, ಹೋದ್ರೂ ಬಾಯಿ ಬಿಡ್ಬೇಡ," ಎಂದೂ ಹೇಳಿದ್ದ.

"ನೋಡಿದೆ ಅಮ್ಮ. ನಿದ್ದೆ ಮಾಡ್ತಿದಾರೆ ಅಂದ್ಕೊಂಡೆ. ಕೈ ಎತ್ತಿಟ್ಟು ಡಬ್ಬ ತಗೊಂಡೆ. ಕೈ ಜಾರಿದ್ದು ನೋಡಿದೆ. ನೋಡಿಯೂ ಹೋದೆ."

ಅನುಸೂಯಮ್ಮ ಅವಳ ಕೈಯ ಕಡೆ ನೋಡಿದಳು.

"ಬೆಚ್ಚಗಿತ್ತಾ?"

"ಬೆಚ್ಚಗಿತ್ತು."

"ಕೂತಲ್ಲೇ ನಿದ್ದೆ ಹೋಗೋದು ಅವರ ಅಭ್ಯಾಸ. ಪಾಪ, ಮಲಗ್ಲಿ ಅಂತ ನಾನೂ ಎಷ್ಟೋ ಸಲ ಎಬ್ಬಿಸ್ದೆ ಬಿಟ್ಟಿದೀನಿ." ಮೆಲ್ಲಗೆ ಸೇರಿಸಿದಳು: "ಆದ್ರೂ ನೀವು ಎಬ್ಬಿಸ್ಬೇಕಿತ್ತು ಕಣಮ್ಮ."

"ಹೌದಮ್ಮ."

ಬೈದಿದ್ದರೆ ಎದ್ದು ಹೋಗುವುದು ಸುಲಭವಿತ್ತು. ಅನುಸೂಯಮ್ಮ ಬೈಯಲಿಲ್ಲ, ಅಳಲಿಲ್ಲ. ನಿನ್ನೆ ಆಸ್ಪತ್ರೆಯ ಶವಾಗಾರದ ಬಾಗಿಲಲ್ಲಿ ರಾತ್ರಿಯಿಡೀ ಕೂತು ಬಂದವಳು, ಗೋಡೆಗೆ ಒರಗಿದಳು. ತಲೆ ಮೆಲ್ಲಗೆ ವಾಲಿ ರಕ್ಷಿತಾಳ ಭುಜಕ್ಕೆ ತಾಗಿತು. ಬಾಯಿ ತುಸು ತೆರೆದುಕೊಂಡಿತು.

ಚೀಲದೊಳಗೆ ಫೋನು ಹೊಡೆದುಕೊಂಡು ಸುಮ್ಮನಾಯಿತು. ಮತ್ತೆ ಹೊಡೆದುಕೊಂಡಿತು. ರಕ್ಷಿತಾ ಅಲುಗಲಿಲ್ಲ. ಅನುಸೂಯಮ್ಮನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಆಮೇಲೆ ಕೈ ತೆಗೆದು, ಮಾಸಿದ ಸೀರೆಯ ಸೆರಗು ಎದೆಯ ಮೇಲೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ಕುಳಿತಳು.